ನೋಟಿಫಿಕೇಶನ್ ಲೈಟ್ ಹೋಯಿತು. ಅದರ ಬದಲಿಗೆ ಬಂದದ್ದು ಯಾರಿಗೆ ಸಿಕ್ಕಿತು?

2025ರ ಜುಲೈನಲ್ಲಿ ನಥಿಂಗ್ ಕಂಪನಿ ತನ್ನ ‘ಫೋನ್ 3’ ಬಿಡುಗಡೆ ಮಾಡಿದಾಗ, ಹಿಂದಿನ ಮಾದರಿಗಳ ಬೆನ್ನಿನ ಮೇಲಿದ್ದ ಬೆಳಕಿನ ಪಟ್ಟಿಗಳನ್ನು ಕೈಬಿಟ್ಟು, ಒಂದು ಮೂಲೆಯಲ್ಲಿ 489 ಪುಟ್ಟ ಎಲ್‌ಇಡಿಗಳ ಗುಂಡನೆಯ ಫಲಕವನ್ನು ಕೂರಿಸಿತ್ತು. ಅದಕ್ಕೂ ಮೊದಲೇ, 2024ರಲ್ಲಿ, ಇನ್ಫಿನಿಕ್ಸ್ ಕಂಪನಿಯ ನೋಟ್ 40 ಪ್ರೊ ಫೋನಿನ ಕ್ಯಾಮೆರಾದ ಬಳಿ ಕರೆ ಬಂದಾಗ ಬೆಳಗುವ ದೀಪವೊಂದು ಬಂದಿತ್ತು. ಜಾಹೀರಾತುಗಳು ಇವನ್ನೆಲ್ಲ ಹೊಚ್ಚಹೊಸ ಸೌಲಭ್ಯವೆಂಬಂತೆ ತೋರಿಸುತ್ತವೆ. ಏಳೆಂಟು ವರ್ಷಗಳ ಹಿಂದೆ ಹತ್ತು ಸಾವಿರ ರೂಪಾಯಿಯ ಫೋನು ಕೊಂಡವರಿಗೆ ಇದು ಅರ್ಥವಾಗುವುದಿಲ್ಲ. ಅವರ ಫೋನಿನ ಮುಂಭಾಗದಲ್ಲಿಯೇ, ಸಾಸಿವೆ ಕಾಳಿನಷ್ಟು ಗಾತ್ರದ ದೀಪವೊಂದು ಇತ್ತು. ಮೆಸೇಜ್ ಬಂದರೆ ಮಿನುಗುತ್ತಿತ್ತು, ಚಾರ್ಜಿಗೆ ಹಾಕಿದರೆ ಉರಿಯುತ್ತಿತ್ತು, ಅದಕ್ಕೆಂದು ಯಾರೂ ಹೆಚ್ಚಿಗೆ ಹಣ ಕೊಟ್ಟಿರಲಿಲ್ಲ.

ಬಳ್ಳಾರಿಯ ರಾಯಲ್ ವೃತ್ತದ ಸುತ್ತಲಿನ ಅಂಗಡಿಯಿರಲಿ, ರಾಯಚೂರಿನ ತೀನ್ ಕಂದೀಲ್ ಬಳಿಯದಿರಲಿ, ಹಳೆಯ ಫೋನು ಬದಲಿಸಲು ಬಂದವರು “ಲೈಟ್ ಬ್ಲಿಂಕ್ ಆಗೋ ಫೋನ್ ಐತೇನ್ರೀ?” ಎಂದು ಕೇಳಿದರೆ “ಈಗ ಬರಂಗಿಲ್ರೀ” ಎಂಬ ಉತ್ತರವಷ್ಟೇ ಸಿಗುತ್ತದೆ. ಏಕೆ ಬರುವುದಿಲ್ಲ ಎಂಬುದಕ್ಕೆ ನಿಜವಾದ ಕಾರಣಗಳಿವೆ. ಆದರೆ ಆ ದೀಪದ ಬದಲಿಗೆ ಕಂಪನಿಗಳು ಕೊಟ್ಟೆವೆಂದು ಹೇಳುವ ಸೌಲಭ್ಯ ಎಲ್ಲ ಬೆಲೆಯ ಫೋನುಗಳಿಗೂ ಬರಲಿಲ್ಲ ಎಂಬ ಮಾತು ಈ ಚರ್ಚೆಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ದೀಪದ ಹಿಂದಿನ ಕೆಲಸ

ಮಿನುಗುವ ಸೂಚನಾ ದೀಪವನ್ನು ಜಗತ್ತಿಗೆ ಪರಿಚಯಿಸಿದ್ದು ಬ್ಲ್ಯಾಕ್‌ಬೆರಿ ಎನ್ನಬಹುದು. ಮೇಲ್ ಬಂದರೆ ಮಿನುಗುತ್ತಿದ್ದ ಅದರ ಕೆಂಪು ಚುಕ್ಕೆ ಆ ಕಂಪನಿಯ ಗುರುತೇ ಆಗಿತ್ತು. 2010ರ ಜನವರಿಯಲ್ಲಿ ಬಂದ ಗೂಗಲ್‌ನ ನೆಕ್ಸಸ್ ಒನ್ ಫೋನಿನಲ್ಲಿ ಪರದೆಯ ಕೆಳಗಿನ ಉರುಳುಗುಂಡಿಯೇ ಬೆಳಗುತ್ತಿತ್ತು. 2012ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್3 ಬರುವ ಹೊತ್ತಿಗೆ ಬಣ್ಣ ಬದಲಿಸುವ ಪುಟ್ಟ ಎಲ್‌ಇಡಿ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿತ್ತು. 2017ರಲ್ಲಿ ಭಾರತದಲ್ಲಿ ಭಾರಿ ಸಂಖ್ಯೆಯಲ್ಲಿ ಮಾರಾಟವಾದ ರೆಡ್ಮಿ ನೋಟ್ 4ರಲ್ಲಿಯೂ ಅದು ಇತ್ತು. ಆ್ಯಪಲ್ ಮಾತ್ರ ಐಫೋನಿಗೆ ಇಂಥ ದೀಪವನ್ನು ಎಂದೂ ಕೊಡಲಿಲ್ಲ; 2011ರ ಐಓಎಸ್ 5ರಿಂದ ಕ್ಯಾಮೆರಾದ ಫ್ಲ್ಯಾಶನ್ನೇ ಮಿನುಗಿಸುವ ಆಯ್ಕೆಯೊಂದನ್ನು ಒಳಗೆ ಇಟ್ಟಿತ್ತು, ಅದೂ ಮುಖ್ಯವಾಗಿ ಕಿವಿ ಕೇಳದವರಿಗೆಂದು.

ಈ ದೀಪದ ವಿಶೇಷವಿದ್ದದ್ದು ಅದು ಕೆಲಸ ಮಾಡುವ ವಿಧಾನದಲ್ಲಿ. ಯಾವುದೋ ಆ್ಯಪ್ “ಹಸಿರು ಬಣ್ಣ, ಇಷ್ಟು ಹೊತ್ತು ಬೆಳಗು, ಇಷ್ಟು ಹೊತ್ತು ಆರು” ಎಂದು ಆ್ಯಂಡ್ರಾಯ್ಡ್‌ಗೆ ಒಮ್ಮೆ ಹೇಳುತ್ತದೆ. ಆ್ಯಂಡ್ರಾಯ್ಡ್ ಆ ಸೂಚನೆಯನ್ನು ಬ್ಯಾಟರಿಯ ಕರೆಂಟನ್ನು ಹಂಚುವ ಚಿಪ್ಪಿಗೆ, ಅಂದರೆ ರಿಪೇರಿಯವರು ‘ಪವರ್ ಐಸಿ’ ಎನ್ನುವ ಬಿಡಿಭಾಗಕ್ಕೆ, ಒಪ್ಪಿಸುತ್ತದೆ. ಬಹುಪಾಲು ಫೋನುಗಳಲ್ಲಿ ಅಲ್ಲಿಂದ ಮುಂದೆ ಮಿನುಗಿಸುವುದು ಆ ಚಿಪ್ಪಿನ ಕೆಲಸ. ಫೋನಿನ ಮುಖ್ಯ ಪ್ರೊಸೆಸರ್ ನಿದ್ರೆಗೆ ಹೋಗಬಹುದು, ಪರದೆ ಪೂರ್ತಿ ಆರಿರಬಹುದು.

ಖರ್ಚಾಗುವ ಕರೆಂಟಿನ ಅಂದಾಜಿಗೆ ಒಂದು ಲೆಕ್ಕ ಹಾಕೋಣ. ಎಲ್‌ಇಡಿ ಉರಿಯುವಾಗ 5 ಮಿಲಿಆಂಪಿಯರ್ ಎಳೆಯುತ್ತದೆ, ಮೂರು ಸೆಕೆಂಡಿಗೊಮ್ಮೆ 0.3 ಸೆಕೆಂಡು ಮಾತ್ರ ಉರಿಯುತ್ತದೆ ಎಂದಿಟ್ಟುಕೊಂಡರೆ, ಸರಾಸರಿ ಖರ್ಚು ಅರ್ಧ ಮಿಲಿಆಂಪಿಯರ್. ರಾತ್ರಿ ಹತ್ತು ಗಂಟೆ ಬಿಡದೆ ಮಿನುಗಿದರೂ 5,000 ಎಂಎಎಚ್ ಬ್ಯಾಟರಿಯಲ್ಲಿ ಹೋಗುವುದು 5 ಎಂಎಎಚ್, ಅಂದರೆ ಸಾವಿರದಲ್ಲಿ ಒಂದು ಪಾಲು. ಮುಂದೆ ಬರುವ ಹೋಲಿಕೆಗೆ ಈ ಅಂಕಿ ಬೇಕಾಗುತ್ತದೆ.

ಅಂಚು ಸಣ್ಣದಾಯಿತು

2016ರವರೆಗಿನ ಫೋನುಗಳಲ್ಲಿ ಪರದೆಯ ಮೇಲೂ ಕೆಳಗೂ ಹೆಬ್ಬೆರಳಿನ ಅಗಲದ ಖಾಲಿ ಜಾಗ ಇರುತ್ತಿತ್ತು. ಮೇಲಿನ ಪಟ್ಟಿಯಲ್ಲಿ ಮಾತು ಕೇಳುವ ಸ್ಪೀಕರ್, ಸೆಲ್ಫಿ ಕ್ಯಾಮೆರಾ, ಕಿವಿಗಿಟ್ಟಾಗ ಪರದೆ ಆರಿಸುವ ಸೆನ್ಸರ್, ಸುತ್ತಲಿನ ಬೆಳಕು ಅಳೆಯುವ ಸೆನ್ಸರ್ ಮತ್ತು ಈ ದೀಪ ಒಟ್ಟಿಗೆ ಸಂಸಾರ ಮಾಡಿಕೊಂಡಿದ್ದವು. 2016ರ ಕೊನೆಯಲ್ಲಿ ಶಿಯೋಮಿಯ ಮಿ ಮಿಕ್ಸ್, 2017ರಲ್ಲಿ ಗ್ಯಾಲಕ್ಸಿ ಎಸ್8 ಮತ್ತು ಐಫೋನ್ ಎಕ್ಸ್ ಬಂದ ಮೇಲೆ ಪೈಪೋಟಿಯ ಅಳತೆಗೋಲೇ ಬದಲಾಯಿತು. ಫೋನಿನ ಮುಖದಲ್ಲಿ ಪರದೆಗೆ ಎಷ್ಟು ಪಾಲು ಸಿಕ್ಕಿದೆ ಎಂಬುದೇ ಮಾರಾಟದ ಮುಖ್ಯ ಮಾತಾಯಿತು.

ಅಂಚು ಕಿರಿದಾದಂತೆ ಅಲ್ಲಿದ್ದ ಒಂದೊಂದಕ್ಕೂ ಬೇರೆ ಮನೆ ಹುಡುಕಬೇಕಾಯಿತು. ಸ್ಪೀಕರ್ ಅಂಚಿನ ಸೀಳಿಗೆ ಸರಿಯಿತು, ಕ್ಯಾಮೆರಾ ಮೊದಲು ಪರದೆಯ ಮೇಲಂಚಿನಲ್ಲಿ ಕತ್ತರಿಸಿದ ಜಾಗಕ್ಕೆ, ಅಂದರೆ ‘ನಾಚ್‌’ಗೆ, ಆಮೇಲೆ ಪರದೆಯೊಳಗಿನ ತೂತಿಗೆ ಬಂತು, ಸೆನ್ಸರುಗಳು ಕೆಲವು ಫೋನುಗಳಲ್ಲಿ ಪರದೆಯ ಅಡಿಗೆ ಇಳಿದವು. ಇವುಗಳಲ್ಲಿ ಯಾವುದನ್ನೂ ಬಿಡುವಂತಿರಲಿಲ್ಲ, ಏಕೆಂದರೆ ಅವಿಲ್ಲದೆ ಫೋನು ಮಾಡಲಾಗುವುದಿಲ್ಲ ಅಥವಾ ಸೆಲ್ಫಿ ತೆಗೆಯಲಾಗುವುದಿಲ್ಲ. ಬಿಡಬಹುದಾಗಿದ್ದದ್ದು ದೀಪವೊಂದೇ. ಗ್ಯಾಲಕ್ಸಿ ಎಸ್9ರಲ್ಲಿ 2018ರಲ್ಲಿದ್ದ ದೀಪ 2019ರ ಎಸ್10ರಲ್ಲಿ ಇರಲಿಲ್ಲ. ಒನ್‌ಪ್ಲಸ್ 6ರಲ್ಲಿ ಇದ್ದದ್ದು ಅದೇ ವರ್ಷದ 6ಟಿಯಲ್ಲಿ ಮಾಯವಾಯಿತು. ಗೂಗಲ್‌ನ ಪಿಕ್ಸೆಲ್ 2 ಅದನ್ನು ಇಟ್ಟುಕೊಂಡಿತ್ತು, ಪಿಕ್ಸೆಲ್ 3 ಇಟ್ಟುಕೊಳ್ಳಲಿಲ್ಲ.

ಎಲ್‌ಇಡಿಯ ಬೆಲೆ ನಗಣ್ಯ. ಹಣ ಉಳಿಸಲೆಂದೇ ತೆಗೆದರು ಎನ್ನುವುದು ಸರಿಯಾಗದು. ಆದರೆ ಅದನ್ನು ಕೂರಿಸುವ ಖರ್ಚು ಬರೀ ಬಲ್ಬಿನದಲ್ಲ. ಗಾಜಿನ ಕಪ್ಪು ಲೇಪದಲ್ಲಿ ಒಂದು ಪಾರದರ್ಶಕ ಚುಕ್ಕೆ ಬಿಡಬೇಕು, ಬೆಳಕನ್ನು ಅಲ್ಲಿಗೆ ತರುವ ಪುಟ್ಟ ಪ್ಲಾಸ್ಟಿಕ್ ಕೊಳವೆ ಬೇಕು, ಆ ಬೆಳಕು ಪಕ್ಕದ ಕ್ಯಾಮೆರಾಕ್ಕೂ ಸೆನ್ಸರಿಗೂ ಸೋರದಂತೆ ತಡೆ ಬೇಕು. ಮಿಲಿಮೀಟರಿಗಾಗಿ ಬಡಿದಾಡುವ ವಿನ್ಯಾಸಕಾರನ ಮೇಜಿನ ಮೇಲೆ ಇದು ದುಬಾರಿ ಬಾಬತ್ತೇ.

ಹಾಗೆಂದು ಇಡಲು ಸಾಧ್ಯವೇ ಇರಲಿಲ್ಲ ಎಂದರೆ ಅದೂ ನಿಜವಲ್ಲ. ಆಸುಸ್ ಕಂಪನಿ 2021ರ ಝೆನ್‌ಫೋನ್ 8ರಲ್ಲಿ ದೀಪವನ್ನು ಕೆಳ ಅಂಚಿಗೆ, ಚಾರ್ಜರ್ ಚುಚ್ಚುವ ತೂತಿನ ಪಕ್ಕಕ್ಕೆ ಇಳಿಸಿತು. ಸೋನಿ ತನ್ನ ಎಕ್ಸ್‌ಪೀರಿಯಾ 1 ಸರಣಿಯಲ್ಲಿ ಮೇಲಿನ ಅಂಚನ್ನೂ ದೀಪವನ್ನೂ ಉಳಿಸಿಕೊಂಡೇ ಬಂತು. ಆದರೆ ಸೋನಿ 2019ರಲ್ಲಿಯೇ ಭಾರತದ ಫೋನ್ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಮನಸ್ಸಿದ್ದಿದ್ದರೆ ದಾರಿ ಇತ್ತು, ಆದರೆ ಬೇಡಿಕೆಯ ಒತ್ತಡ ಇರಲಿಲ್ಲ.

ಕಂಪನಿಗಳ ವಾದ

ತಯಾರಕರ ಪರವಾಗಿ ಹೇಳುವವರ ಮೊದಲ ವಾದ ಪರದೆಯದೇ. ಓಎಲ್‌ಇಡಿ ಅಥವಾ ಅಮೋಲೆಡ್ ಪರದೆಯಲ್ಲಿ ಪ್ರತಿಯೊಂದು ಬಿಂದುವೂ ತಾನೇ ಬೆಳಗುತ್ತದೆ. ಕಪ್ಪು ಬಿಂದುವೆಂದರೆ ಆರಿದ ಬಿಂದು. ಆದ್ದರಿಂದ ಸಮಯವನ್ನೂ ಎರಡು ಐಕಾನುಗಳನ್ನೂ ಮಾತ್ರ ಬೆಳಗಿಸಿ ಉಳಿದ ಪರದೆಯನ್ನು ಆರಿಸಿಡಬಹುದು. 2013ರಲ್ಲಿ ಮೋಟೊ ಎಕ್ಸ್ ಇದರ ಒಂದು ರೂಪವನ್ನು ತೋರಿಸಿತು, 2016ರ ಗ್ಯಾಲಕ್ಸಿ ಎಸ್7 ‘ಆಲ್ವೇಸ್ ಆನ್ ಡಿಸ್‌ಪ್ಲೇ’ ಎಂಬ ಹೆಸರಿನಲ್ಲಿ ಅದನ್ನು ಜನಪ್ರಿಯಗೊಳಿಸಿತು, 2022ರ ಐಫೋನ್ 14 ಪ್ರೊ ಅದನ್ನು ಆ್ಯಪಲ್ ಬಳಕೆದಾರರಿಗೂ ತಂದಿತು. ಮಿನುಗುವ ದೀಪ “ಏನೋ ಬಂದಿದೆ” ಎಂದಷ್ಟೇ ಹೇಳುತ್ತಿತ್ತು. ಯಾವ ಆ್ಯಪಿನಿಂದ ಬಂದಿದೆ, ಸಮಯವೆಷ್ಟು, ಬ್ಯಾಟರಿ ಎಷ್ಟಿದೆ ಎಂಬುದನ್ನೆಲ್ಲ ಪರದೆ ಹೇಳುತ್ತದೆ. ಮಾಹಿತಿಯ ದೃಷ್ಟಿಯಿಂದ ಈ ವಾದವನ್ನು ತಳ್ಳಿಹಾಕಲಾಗದು.

ಎರಡನೆಯ ವಾದ ಇನ್ನೂ ಗಟ್ಟಿಯಾದದ್ದು. ದೀಪ ಬಂದ ಕಾಲದಲ್ಲಿ ದಿನಕ್ಕೆ ನಾಲ್ಕು ಎಸ್ಎಂಎಸ್, ಎರಡು ಮಿಸ್ಡ್ ಕಾಲ್ ಇರುತ್ತಿದ್ದವು. ಇಂದು ಶಾಲೆಯ ಗುಂಪು, ಓಣಿಯ ಗುಂಪು, ಯುಪಿಐ ಸಂದೇಶ, ಸಾಲ ಕೊಡುತ್ತೇವೆಂಬ ಜಾಹೀರಾತು, ಕ್ರಿಕೆಟ್ ಸ್ಕೋರು, ಆನ್‌ಲೈನ್ ಅಂಗಡಿಯ ರಿಯಾಯಿತಿ ಎಲ್ಲವೂ ಒಂದೇ ಬಾಗಿಲಿನಿಂದ ನುಗ್ಗುತ್ತವೆ. ಆ್ಯಪ್‌ಗಳು ನೋಟಿಫಿಕೇಶನ್ ಕಳಿಸುವ ಮೊದಲು ಬಳಕೆದಾರರ ಅನುಮತಿ ಕೇಳಲೇಬೇಕೆಂದು ಗೂಗಲ್ 2022ರ ಆ್ಯಂಡ್ರಾಯ್ಡ್ 13ರಲ್ಲಿ ನಿಯಮ ತರಬೇಕಾಯಿತು ಎಂದರೆ ಹಾವಳಿಯ ಮಟ್ಟವನ್ನು ಊಹಿಸಬಹುದು. ಇಷ್ಟೆಲ್ಲ ಬರುವಾಗ ದೀಪ ಆರುವ ಹೊತ್ತೇ ಇರುವುದಿಲ್ಲ. ಸದಾ ಮಿನುಗುವ ದೀಪ ಏನನ್ನೂ ಹೇಳುವುದಿಲ್ಲ.

ಇದಕ್ಕೆ ಉತ್ತರವೂ ಇದೆ. ಯಾವ ಬಗೆಯ ನೋಟಿಫಿಕೇಶನ್‌ಗೆ ದೀಪ ಬೇಕು, ಯಾವುದಕ್ಕೆ ಬೇಡ ಎಂದು ವಿಂಗಡಿಸುವ ಸೌಲಭ್ಯ 2017ರ ಆ್ಯಂಡ್ರಾಯ್ಡ್ 8ರಲ್ಲಿಯೇ ಬಂದಿತ್ತು. ಕರೆಗೂ ವಾಟ್ಸ್ಆ್ಯಪ್‌ಗೂ ದೀಪ, ಉಳಿದದ್ದಕ್ಕೆ ಏನೂ ಇಲ್ಲ ಎಂದು ಇಟ್ಟುಕೊಂಡವರಿಗೆ ಹಾವಳಿಯ ಸಮಸ್ಯೆ ಇರಲಿಲ್ಲ. ವಿಚಿತ್ರವೆಂದರೆ ಜರಡಿ ಸಿದ್ಧವಾದ ಒಂದೆರಡು ವರ್ಷಗಳಲ್ಲೇ ದೀಪ ಹೋಯಿತು. ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸಿನಲ್ಲಿ ಬಣ್ಣ ಆರಿಸಿಕೊಳ್ಳುವ ‘ಲೈಟ್’ ಎಂಬ ಸಾಲು, ಬಲ್ಬೇ ಇಲ್ಲದ ಫೋನುಗಳಲ್ಲಿಯೂ ವರ್ಷಗಟ್ಟಲೆ ಉಳಿದಿತ್ತು.

ಮೂರನೆಯ ವಾದ ಕೈಗಡಿಯಾರದ್ದು. ಸ್ಮಾರ್ಟ್‌ವಾಚ್ ಕೈಯಲ್ಲೇ ನಡುಗುವಾಗ ದೀಪವೇಕೆ ಎನ್ನುತ್ತಾರೆ. ಕೊಳ್ಳಲು ಮತ್ತೊಂದು ವಸ್ತು, ಚಾರ್ಜ್ ಮಾಡಲು ಮತ್ತೊಂದು ವಸ್ತು ಎಂಬುದನ್ನು ಬಿಟ್ಟರೆ ಈ ವಾದದಲ್ಲಿ ತಪ್ಪಿಲ್ಲ.

ಎಲ್‌ಸಿಡಿಯಲ್ಲಿ ನಿಂತುಹೋಗುವ ಲೆಕ್ಕ

ಬದಲಿ ವ್ಯವಸ್ಥೆಯ ಲೆಕ್ಕವೆಲ್ಲ ಓಎಲ್‌ಇಡಿ ಪರದೆಯ ಮೇಲೆ ನಿಂತಿದೆ. ಕಡಿಮೆ ಬೆಲೆಯ ಫೋನುಗಳಲ್ಲಿ ಇಂದಿಗೂ ಹೆಚ್ಚಾಗಿ ಇರುವುದು ಎಲ್‌ಸಿಡಿ. ಎಲ್‌ಸಿಡಿಯ ಬಿಂದುಗಳಿಗೆ ಸ್ವಂತ ಬೆಳಕಿಲ್ಲ. ಹಿಂದಿನಿಂದ ಒಂದು ಬೆಳಕಿನ ಹಾಳೆ ಇಡೀ ಪರದೆಯನ್ನು ಬೆಳಗಿಸುತ್ತದೆ, ಮುಂದಿನ ಪದರ ಬೇಡವಾದ ಕಡೆ ಅದನ್ನು ತಡೆಯುತ್ತದೆ. ಮೂಲೆಯಲ್ಲಿ ಒಂದು ಚುಕ್ಕೆ ತೋರಿಸಬೇಕೆಂದರೂ ಹಿಂದಿನ ಹಾಳೆ ಉರಿಯಬೇಕು. ಎಲ್‌ಜಿ ಕಂಪನಿ 2016ರ ಜಿ5 ಫೋನಿನಲ್ಲಿ ವಿಶೇಷ ಏರ್ಪಾಟಿನಿಂದ ಎಲ್‌ಸಿಡಿಯಲ್ಲಿಯೂ ಇದನ್ನು ಮಾಡಿ ತೋರಿಸಿತ್ತು, ಆದರೆ ಅದು ದುಬಾರಿ ಫೋನು, ಅಗ್ಗದ ಫೋನುಗಳಲ್ಲಿ ಆ ದಾರಿ ಸಾಮಾನ್ಯವಾಗಲಿಲ್ಲ. ಹೀಗಾಗಿ ಎಲ್‌ಸಿಡಿಯ ಅಗ್ಗದ ಫೋನಿನಲ್ಲಿ ಆಲ್ವೇಸ್ ಆನ್ ಡಿಸ್‌ಪ್ಲೇ ಇಲ್ಲವೆಂದೇ ಹೇಳಬೇಕು.

ಖರ್ಚನ್ನೂ ಹೋಲಿಸಿ ನೋಡಬೇಕು. ಓಎಲ್‌ಇಡಿಯಲ್ಲಿ ಆಲ್ವೇಸ್ ಆನ್ ಪರದೆಗೆ ಗಂಟೆಗೆ ಸುಮಾರು ಶೇ. 1ರಷ್ಟು ಬ್ಯಾಟರಿ ಎಂದು ಹಿಡಿದರೂ, ಮೇಲೆ ಹೇಳಿದ ಅದೇ ಹತ್ತು ಗಂಟೆಗೆ ಶೇ. 10 ಹೋಗುತ್ತದೆ, ದೀಪಕ್ಕೆ ಹೋಗುತ್ತಿದ್ದದ್ದಕ್ಕಿಂತ ನೂರು ಪಟ್ಟು. ಬೆಲೆಬಾಳುವ ಫೋನುಗಳು ಪರದೆಯನ್ನು ಸೆಕೆಂಡಿಗೆ ಒಂದೇ ಸಲ ನವೀಕರಿಸುವ ತಂತ್ರದಿಂದ ಇದನ್ನು ತಗ್ಗಿಸುತ್ತವೆ. ಮಧ್ಯಮ ಬೆಲೆಯ ಫೋನುಗಳಿಗೆ ಆ ಪರದೆ ಇರುವುದಿಲ್ಲ, ಆದ್ದರಿಂದ ಅವುಗಳಲ್ಲಿ ಕೆಲವು ಬೇರೆ ಉಪಾಯ ಮಾಡುತ್ತವೆ: ಪರದೆಯನ್ನು ಮುಟ್ಟಿದ ಮೇಲೆ 10 ಸೆಕೆಂಡು ಮಾತ್ರ ತೋರಿಸಿ ಆರುತ್ತವೆ. ಡಬ್ಬಿಯ ಮೇಲೆ ‘ಆಲ್ವೇಸ್ ಆನ್’ ಎಂದು ಬರೆದಿರುತ್ತದೆ. ಮುಟ್ಟಿದರೆ ಮಾತ್ರ ಹೇಳುವ ಸೂಚನೆಗೂ ಪವರ್ ಬಟನ್ ಒತ್ತಿ ನೋಡುವುದಕ್ಕೂ ವ್ಯತ್ಯಾಸವೇನು ಎಂಬುದನ್ನು ಯಾರೂ ವಿವರಿಸುವುದಿಲ್ಲ.

ಒಟ್ಟಿನಲ್ಲಿ, 2017ರಲ್ಲಿ ಹತ್ತು ಸಾವಿರದ ಫೋನಿಗೂ ಅರವತ್ತು ಸಾವಿರದ ಫೋನಿಗೂ ಸಮಾನವಾಗಿದ್ದ ಒಂದು ಸೌಲಭ್ಯ ಈಗ ಬೆಲೆಯ ಮೆಟ್ಟಿಲುಗಳ ಪ್ರಕಾರ ಹಂಚಿಹೋಗಿದೆ. ಮೇಲಿನ ಮೆಟ್ಟಿಲಿನವರಿಗೆ ಹಿಂದಿಗಿಂತ ಉತ್ತಮವಾದದ್ದು ಸಿಕ್ಕಿತು, ನಡುವಿನವರಿಗೆ ಅರೆಬರೆ ಸಿಕ್ಕಿತು, ಕೆಳಗಿನವರಿಗೆ ಏನೂ ಸಿಗಲಿಲ್ಲ.

ಕಲ್ಯಾಣ ಕರ್ನಾಟಕದ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಅದರ ಪರಿಣಾಮ ಎಲ್ಲಿ ಬೀಳುತ್ತದೆ ಎಂಬುದನ್ನು ಕಾಣುವುದು ಕಷ್ಟವಲ್ಲ. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳಲ್ಲಿ ಸಾಲು ಮಷೀನುಗಳು ಓಡುವಾಗ, ಗಂಗಾವತಿ ಅಥವಾ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಪಾಲಿಶ್ ನಡೆಯುವಾಗ ರಿಂಗ್‌ಟೋನ್ ಕೇಳಿಸದು, ಟೇಬಲಿನ ಮೇಲಿಟ್ಟ ಫೋನಿನ ವೈಬ್ರೇಶನ್ ಮಷೀನಿನ ನಡುಕದಲ್ಲಿ ಕರಗಿಹೋಗುತ್ತದೆ. ಹೊಲಿಗೆಯ ಕೈ ನಿಲ್ಲಿಸದೆ ಓರೆಗಣ್ಣಿನಲ್ಲಿ ನೋಡಬಹುದಾಗಿದ್ದದ್ದು ಮಿನುಗುವ ಚುಕ್ಕೆಯೊಂದೇ. ಈಗ ಮಷೀನು ನಿಲ್ಲಿಸಿ, ಕೈಯೊರೆಸಿ, ಬಟನ್ ಒತ್ತಿ ನೋಡಬೇಕು. ತುಣುಕಿಗೆ ಇಷ್ಟು ಎಂದು ಕೂಲಿ ಪಡೆಯುವವರಿಗೆ ಅಷ್ಟು ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಇದಕ್ಕೆ ವಿರುದ್ಧವಾದ ಮಾತನ್ನೂ ಇಲ್ಲೇ ಹೇಳಬೇಕು: ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲಿನಲ್ಲಿ, ಹೊಲದ ಬದುವಿನ ಮೇಲಿಟ್ಟ ಫೋನಿನ ದೀಪ ಮೊದಲೂ ಕಾಣುತ್ತಿರಲಿಲ್ಲ. ಅದು ನೆರಳಿನ ಮತ್ತು ರಾತ್ರಿಯ ಸೌಲಭ್ಯವಾಗಿತ್ತು.

ಚಾರ್ಜ್ ಆಗುತ್ತಿದೆಯೋ ಇಲ್ಲವೋ

ಬೆಂಗಳೂರಿನಲ್ಲಿ ಕುಳಿತು ಬರೆಯುವವರು ಸಾಮಾನ್ಯವಾಗಿ ಮರೆಯುವ ವಿಷಯ ಚಾರ್ಜಿಂಗ್. ಮೆಸೇಜಿನ ಸೂಚನೆಗಿಂತ ಈ ಭಾಗದಲ್ಲಿ ಆ ದೀಪದ ದೊಡ್ಡ ಉಪಯೋಗ ಇದೇ ಆಗಿತ್ತೆಂದರೆ ಅತಿಶಯೋಕ್ತಿಯಲ್ಲ. ಕೆಂಪಿದ್ದರೆ ಚಾರ್ಜ್ ಆಗುತ್ತಿದೆ, ಹಸಿರಾದರೆ ತುಂಬಿದೆ, ಆರಿದ್ದರೆ ಕರೆಂಟ್ ಹೋಗಿದೆ ಅಥವಾ ಪಿನ್ನು ಸಡಿಲವಾಗಿದೆ. ಮಂಚದ ಮೇಲೆ ಮಲಗಿಯೇ ತಿಳಿಯುತ್ತಿತ್ತು.

ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ರಾಯಚೂರು ಜಿಲ್ಲೆಯ ಶಕ್ತಿನಗರದ ಆರ್‌ಟಿಪಿಎಸ್ 1,720 ಮೆಗಾವ್ಯಾಟ್, ಬಳ್ಳಾರಿ ಜಿಲ್ಲೆಯ ಕುಡತಿನಿಯ ಬಿಟಿಪಿಎಸ್ 1,700 ಮೆಗಾವ್ಯಾಟ್, ರಾಯಚೂರು ಬಳಿಯ ಯರಮರಸ್‌ನದು 1,600 ಮೆಗಾವ್ಯಾಟ್ ಸಾಮರ್ಥ್ಯದವು. ರಾಜ್ಯಕ್ಕೆ ಕರೆಂಟ್ ಕೊಡುವ ಜಿಲ್ಲೆಗಳಿವು. ಅದೇ ಜಿಲ್ಲೆಗಳ ಹೊಲದ ಮನೆಗಳಲ್ಲಿ ಕರೆಂಟಿನ ಕಥೆ ಬೇರೆ. ನಿರಂತರ ಜ್ಯೋತಿ ಯೋಜನೆಯಡಿ ಊರಿನ ಮನೆಗಳ ಲೈನನ್ನೂ ಪಂಪ್‌ಸೆಟ್ಟುಗಳ ಲೈನನ್ನೂ ಬೇರ್ಪಡಿಸಿದ ಮೇಲೆ ಊರೊಳಗಿನ ಪೂರೈಕೆ ಸುಧಾರಿಸಿತು, ಆದರೆ ಹೊಲದಲ್ಲಿ ಮನೆ ಮಾಡಿಕೊಂಡವರು ಪಂಪ್‌ಸೆಟ್ ಲೈನಿನ ಮೇಲೆಯೇ ಉಳಿದರು. ತ್ರೀ ಫೇಸ್ ಪಾಳಿಯ ಮೇಲೆ ಬರುತ್ತದೆ, ಸಿಂಗಲ್ ಫೇಸ್ ರಾತ್ರಿ ಬಂದು ಹೋಗಿ ಮಾಡುತ್ತದೆ, ಬೇಸಿಗೆಯಲ್ಲಿ ವೋಲ್ಟೇಜ್ ಇಳಿಯುತ್ತದೆ. ಬೆಳಗ್ಗೆ ಮಾರುಕಟ್ಟೆಯ ದರ ಕೇಳಲು, ಓಟಿಪಿ ಪಡೆಯಲು, ಮೊಬೈಲ್ ಸ್ಟಾರ್ಟರ್‌ಗೆ ಕರೆ ಮಾಡಿ ಮೋಟರ್ ಚಾಲೂ ಮಾಡಲು ಫೋನು ತುಂಬಿರಲೇಬೇಕಾದವರಿಗೆ, ರಾತ್ರಿ ಅದು ನಿಜಕ್ಕೂ ಚಾರ್ಜ್ ಆಗುತ್ತಿದೆಯೇ ಎಂಬುದು ಚಿಕ್ಕ ಪ್ರಶ್ನೆಯಲ್ಲ.

ಎಕ್ಸ್‌ಟೆನ್ಶನ್ ಬಾಕ್ಸಿನ ಕೆಂಪು ಬಲ್ಬು ಈ ಕೆಲಸ ಮಾಡುವುದಿಲ್ಲವೇ ಎಂದು ಕೇಳಬಹುದು. ಅದು ಪ್ಲಗ್ಗಿನವರೆಗೆ ಕರೆಂಟ್ ಬಂದಿದೆ ಎನ್ನುತ್ತದೆ, ಅಷ್ಟೇ. ಅಡಾಪ್ಟರ್ ಕೆಟ್ಟಿದ್ದರೆ, ಕೇಬಲ್ ಒಳಗೆ ಹರಿದಿದ್ದರೆ, ಫೋನಿನ ತೂತಿನಲ್ಲಿ ಧೂಳು ಕಟ್ಟಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಫೋನಿನ ಮೈಮೇಲಿನ ದೀಪ ಮಾತ್ರ ಕರೆಂಟ್ ಕೊನೆಯ ಮನೆ ತಲುಪಿದೆ ಎಂಬುದಕ್ಕೆ ಸಾಕ್ಷಿಯಾಗಿತ್ತು. ಈಗ ತುದಿಯಲ್ಲಿ ಬೆಳಕಿರುವ, ಕೆಲವೊಮ್ಮೆ ವ್ಯಾಟ್ ಎಷ್ಟೆಂದು ಅಂಕಿಯಲ್ಲೇ ತೋರಿಸುವ ಟೈಪ್ ಸಿ ಕೇಬಲ್‌ಗಳು ಮಾರಾಟವಾಗುತ್ತಿವೆ. ಫೋನಿನೊಳಗೆ ಇದ್ದ ಸೌಲಭ್ಯಕ್ಕೆ ಹೊರಗಿನಿಂದ ಪ್ರತ್ಯೇಕ ಬೆಲೆ ತೆರುವ ಸ್ಥಿತಿ ಇದು.

ರಿಪೇರಿ ಟೇಬಲಿನ ಮೇಲೆ

ಏನು ಮಾಡಿದರೂ ಚಾಲೂ ಆಗದ ‘ಡೆಡ್ ಸೆಟ್’ ಬಂದಾಗ ರಿಪೇರಿಯವರು ಮೊದಲು ಚಾರ್ಜರ್ ಚುಚ್ಚಿ ದೀಪ ಉರಿಯುತ್ತದೆಯೇ ಎಂದು ನೋಡುತ್ತಿದ್ದರು. ಉರಿದರೆ ಬೋರ್ಡಿಗೆ ಜೀವವಿದೆ, ಡಿಸ್‌ಪ್ಲೇ ಹೋಗಿರಬಹುದು ಎಂದು ಅಂದಾಜಿಸಬಹುದಿತ್ತು. ಈಗ ಅದಕ್ಕೆ ಎಷ್ಟು ಆಂಪಿಯರ್ ಹರಿಯುತ್ತಿದೆಯೆಂದು ತೋರಿಸುವ ಡಿಸಿ ಸಪ್ಲೈ ಎಂಬ ಉಪಕರಣ ಬೇಕು. ಅಂಗಡಿಯವರ ಬಳಿ ಅದು ಇರುತ್ತದೆ, ಮನೆಯವರ ಬಳಿ ಇರುವುದಿಲ್ಲ.

ಇನ್ನೊಂದು ತೊಡಕು ‘ಕಾಂಬೊ’, ಅಂದರೆ ಗಾಜೂ ಡಿಸ್‌ಪ್ಲೇಯೂ ಒಟ್ಟಿಗಿರುವ ಭಾಗ, ಬದಲಿಸುವಾಗ ಬರುತ್ತದೆ. ಅಮೋಲೆಡ್ ಫೋನಿನ ಪರದೆ ಒಡೆದರೆ ಅಸಲಿ ಪರದೆಯ ಬೆಲೆ ಕೇಳಿ ಬೆಚ್ಚಿಬಿದ್ದವರಿಗೆ ಅದೇ ಅಳತೆಯ ಟಿಎಫ್‌ಟಿ ಪರದೆ ಹಾಕಿಕೊಡುವುದು ಸಾಮಾನ್ಯ. ಅದು ಎಲ್‌ಸಿಡಿ ಜಾತಿಯದು. ಪರದೆಯೊಳಗಿನ ಬೆರಳಚ್ಚು ಕೆಲಸ ಮಾಡುವುದು ನಿಲ್ಲುತ್ತದೆ; ಆಲ್ವೇಸ್ ಆನ್ ಚಾಲೂ ಇಟ್ಟರೆ ಹಿಂದಿನ ಬೆಳಕಿನ ಹಾಳೆ ಪೂರ್ತಿ ಉರಿದು ಬ್ಯಾಟರಿ ಖಾಲಿಯಾಗುತ್ತದೆ. ದೀಪವನ್ನು ಪರದೆಗೆ ವರ್ಗಾಯಿಸಿದ ಮೇಲೆ ಪರದೆಯ ಜೊತೆಗೆ ಅದೂ ಒಡೆಯುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

ಕಿವಿ ಕೇಳದವರ ಪ್ರಶ್ನೆ ಮತ್ತು ಕಾನೂನು

ಫೋನು ಕೈಯಲ್ಲೋ ಜೇಬಿನಲ್ಲೋ ಇದ್ದಾಗ ಕಿವಿ ಕೇಳದವರಿಗೆ ವೈಬ್ರೇಶನ್ ಸಾಕು. ಮಾರುದೂರದ ಮೇಜಿನ ಮೇಲಿದ್ದರೆ ಬೆಳಕೊಂದೇ ದಾರಿ. ಗೂಗಲ್ 2023ರ ಆ್ಯಂಡ್ರಾಯ್ಡ್ 14ರಲ್ಲಿ ‘ಫ್ಲ್ಯಾಶ್ ನೋಟಿಫಿಕೇಶನ್ಸ್’ ಎಂಬ ಸೌಲಭ್ಯ ಕೊಟ್ಟಿದೆ. ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್ಸಿನಲ್ಲಿ ಅದನ್ನು ಚಾಲೂ ಮಾಡಿದರೆ ಸಂದೇಶ ಬಂದಾಗ ಕ್ಯಾಮೆರಾದ ಫ್ಲ್ಯಾಶ್ ಮಿನುಗುತ್ತದೆ ಅಥವಾ ಪರದೆ ಬಣ್ಣದಿಂದ ಬೆಳಗುತ್ತದೆ. ಎಲ್‌ಸಿಡಿ ಫೋನಿನಲ್ಲಿಯೂ ಇದು ಕೆಲಸ ಮಾಡುತ್ತದೆ ಎಂಬುದು ಇದರ ಹೆಚ್ಚುಗಾರಿಕೆ. ಆದರೆ ಸಂದೇಶ ಬಂದ ಕ್ಷಣದಲ್ಲಿ ಮಾತ್ರ ಮಿನುಗಿ ಸುಮ್ಮನಾಗುತ್ತದೆ. ಆ ಕ್ಷಣದಲ್ಲಿ ಅಡುಗೆಮನೆಯಲ್ಲಿದ್ದವರಿಗೆ ಅದು ಬಂದದ್ದೇ ಗೊತ್ತಾಗದು. ನೋಡುವವರೆಗೂ ಕಾದು ಹೇಳುತ್ತಿದ್ದ ಹಳೆಯ ದೀಪದ ಗುಣ ಇದಕ್ಕಿಲ್ಲ.

ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 42ನೆಯ ಸೆಕ್ಷನ್, ದಿನಬಳಕೆಯ ಎಲೆಕ್ಟ್ರಾನಿಕ್ ವಸ್ತುಗಳು ಎಲ್ಲರೂ ಬಳಸಬಲ್ಲ ವಿನ್ಯಾಸದಲ್ಲಿ ದೊರೆಯುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆನ್ನುತ್ತದೆ. ಭಾರತೀಯ ಮಾನಕ ಬ್ಯೂರೋ ಐಎಸ್ 17802 ಎಂಬ ಮಾನದಂಡವನ್ನೂ ಪ್ರಕಟಿಸಿದೆ. ಕಿವಿ ಕೇಳದೆಯೂ ಬಳಸುವಂತಿರಬೇಕು ಎಂಬುದು ಇಂಥ ಮಾನದಂಡಗಳ ಮೂಲ ನಿರೀಕ್ಷೆಗಳಲ್ಲಿ ಒಂದು. ಆದರೂ ‘ಸೂಚನಾ ದೀಪ ಇರಲೇಬೇಕು’ ಎಂಬ ನಿಯಮವಿಲ್ಲ. ಸರ್ಕಾರ ಫೋನಿನ ವಿನ್ಯಾಸದಲ್ಲಿ ಕೈಹಾಕುವುದಿಲ್ಲ ಎಂದೇನೂ ಅಲ್ಲ: 2017ರಿಂದ ಎಲ್ಲ ಹೊಸ ಫೋನುಗಳಲ್ಲಿ ಪ್ಯಾನಿಕ್ ಬಟನ್ ಕಡ್ಡಾಯವಾಯಿತು, 2023ರಲ್ಲಿ ಎಫ್‌ಎಂ ರೇಡಿಯೋ ಸೌಲಭ್ಯವನ್ನು ಬಂದ್ ಮಾಡಬೇಡಿ ಎಂದು ಐಟಿ ಸಚಿವಾಲಯ ತಯಾರಕರಿಗೆ ಸೂಚಿಸಿತು. ಆ ಎರಡರ ಹಿಂದೆ ಸುರಕ್ಷತೆಯ ಮತ್ತು ವಿಪತ್ತಿನ ವಾದವಿತ್ತು. ದೀಪದ ಪರವಾಗಿ ಅಂಥ ವಾದ ಕಟ್ಟಬೇಕಾದರೆ ಅದು ಅಂಗವಿಕಲರ ಹಕ್ಕಿನ ದಾರಿಯಿಂದಲೇ ಬರಬೇಕು, ಹಳೆಯದರ ನೆನಪಿನ ದಾರಿಯಿಂದ ಬಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಆ್ಯಪ್ ಹಾಕಿಕೊಳ್ಳುವ ಮೊದಲು

ಈ ಕೊರತೆಯನ್ನು ತುಂಬಲು ಪ್ಲೇ ಸ್ಟೋರಿನಲ್ಲಿ ಹಲವು ಆ್ಯಪ್‌ಗಳಿವೆ. ಅಮೋಲೆಡ್ ಪರದೆಯ ಕ್ಯಾಮೆರಾ ತೂತಿನ ಸುತ್ತಲಿನ ಕೆಲವು ಬಿಂದುಗಳನ್ನು ಬೆಳಗಿಸಿ ಹಳೆಯ ದೀಪದಂತೆ ತೋರಿಸುತ್ತವೆ. ಉಪಾಯವೇನೋ ಚೆನ್ನಾಗಿದೆ. ಆದರೆ ಇವು ಕೆಲಸ ಮಾಡಬೇಕಾದರೆ ‘ನೋಟಿಫಿಕೇಶನ್ ಆ್ಯಕ್ಸೆಸ್’ ಎಂಬ ಅನುಮತಿ ಕೊಡಬೇಕು, ಅಂದರೆ ಬರುವ ಸಂದೇಶಗಳನ್ನು ಓದುವ ಅಧಿಕಾರವನ್ನೇ ಕೊಡಬೇಕು. ಬ್ಯಾಂಕಿನ ಸಂದೇಶಗಳೂ ಓಟಿಪಿಗಳೂ ಹಾಯುವುದು ಇದೇ ದಾರಿಯಲ್ಲಿ. ಹೆಸರಿರುವ ಆ್ಯಪ್‌ಗಳು ಇದನ್ನು ದುರುಪಯೋಗ ಮಾಡುತ್ತವೆ ಎನ್ನಲಾಗದು. ಆದರೆ ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ ‘ಎಲ್‌ಇಡಿ ಲೈಟ್’ ಎಪಿಕೆ ಫೈಲನ್ನು, ಅಂದರೆ ಪ್ಲೇ ಸ್ಟೋರಿನ ಹೊರಗಿನಿಂದ ಬಂದ ಆ್ಯಪನ್ನು, ಹಾಕಿಕೊಂಡು ಅದಕ್ಕೆ ಈ ಅನುಮತಿ ಕೊಡುವುದು ಖಾತೆಯ ಕೀಲಿಯನ್ನು ಕೊಟ್ಟಂತೆಯೇ. ಹಣ ಹೋದರೆ ಕರೆ ಮಾಡಬೇಕಾದ ಸಂಖ್ಯೆ 1930. ಎಲ್‌ಸಿಡಿ ಫೋನಿನವರಿಗೆ ಈ ಆ್ಯಪ್‌ಗಳಿಂದ ಮೇಲೆ ಹೇಳಿದ ಕಾರಣಕ್ಕಾಗಿಯೇ ಹೆಚ್ಚೇನೂ ಪ್ರಯೋಜನವಿಲ್ಲ.

ಮುಂದೆ ಆಗಬಹುದಾದದ್ದು

ಫೋನಿನ ಮುಂಭಾಗಕ್ಕೆ ದೀಪ ಮರಳಿ ಬರುವ ಸಾಧ್ಯತೆ ತೀರಾ ಕಡಿಮೆ. ಅಂಚನ್ನು ಮತ್ತೆ ಅಗಲ ಮಾಡಲು ಯಾವ ಕಂಪನಿಯೂ ಒಪ್ಪದು. ಬೆನ್ನಿನ ಮೇಲಿನ ದೀಪಗಳು ಹೆಚ್ಚಬಹುದು, ಏಕೆಂದರೆ ಅಲ್ಲಿ ಜಾಗವಿದೆ ಮತ್ತು ಅಂಗಡಿಯ ಗಾಜಿನಲ್ಲಿ ಅವು ಎದ್ದು ಕಾಣುತ್ತವೆ. ಆದರೆ ಅವು ಉಪಯೋಗಕ್ಕೆ ಬರಬೇಕಾದರೆ ಫೋನನ್ನು ಮಕಾಡೆ ಇಡಬೇಕು, ದಪ್ಪನೆಯ ಕವರ್ ಹಾಕಬಾರದು. ನಮ್ಮಲ್ಲಿ ಫೋನು ಕೊಂಡ ಕ್ಷಣವೇ ಕವರ್ ಮತ್ತು ಗ್ಲಾಸ್ ಹಾಕಿಸದೆ ಅಂಗಡಿ ಬಿಡುವವರು ಕಡಿಮೆ.

ಹೆಚ್ಚು ನಂಬಬಹುದಾದ ಬದಲಾವಣೆ ಪರದೆಯ ಬೆಲೆಯಲ್ಲಿದೆ. ಹಿಂದೆ ದುಬಾರಿ ಫೋನುಗಳಲ್ಲಿ ಮಾತ್ರ ಇರುತ್ತಿದ್ದ ಅಮೋಲೆಡ್ ಈಗ ಹದಿನೈದು ಸಾವಿರ ರೂಪಾಯಿಯ ಆಸುಪಾಸಿಗೆ ಇಳಿದಿದೆ, ಇನ್ನೂ ಇಳಿಯಬಹುದು. ಆಗ ಮೆಸೇಜಿನ ಸೂಚನೆಯ ಅಸಮಾನತೆ ಸ್ವಲ್ಪಮಟ್ಟಿಗೆ ಕರಗುತ್ತದೆ. ಚಾರ್ಜಿಂಗ್ ಸೂಚನೆಯದು ಮತ್ತು ಒಡೆದ ಪರದೆಯದು ಕರಗುವುದಿಲ್ಲ, ಏಕೆಂದರೆ ಆ ಎರಡರಲ್ಲೂ ಬೇಕಾದದ್ದು ಪರದೆಯನ್ನು ಅವಲಂಬಿಸದ ಬೆಳಕು. ಸ್ಯಾಮ್‌ಸಂಗ್‌ನ ಕೆಲವು ಫೋನುಗಳಲ್ಲಿರುವಂತೆ ‘ಹೊಸ ನೋಟಿಫಿಕೇಶನ್ ಇದ್ದಾಗ ಮಾತ್ರ ತೋರಿಸು’ ಎಂಬ ಆಯ್ಕೆ ಎಲ್ಲ ಅಮೋಲೆಡ್ ಫೋನುಗಳಿಗೂ ಬಂದರೆ ಬ್ಯಾಟರಿಯ ಖರ್ಚೂ ಇಳಿದು ಹಳೆಯ ದೀಪಕ್ಕೆ ಅತಿ ಹತ್ತಿರದ ವ್ಯವಸ್ಥೆಯಾಗುತ್ತದೆ. ಇದಕ್ಕೆ ಹೊಸ ಬಿಡಿಭಾಗ ಬೇಕಿಲ್ಲ. 10 ಸೆಕೆಂಡಿಗೆ ಆರಿಸುವ ಕಂಪನಿಗಳು ಒಂದು ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಮಾಡಬಹುದಾದದ್ದು.

ಅಲ್ಲಿಯವರೆಗೆ ಕೊಳ್ಳುವವರು ಡಬ್ಬಿಯ ಮೇಲಿನ ಬರಹವನ್ನು ನೆಚ್ಚಿಕೊಳ್ಳದೆ ಅಂಗಡಿಯಲ್ಲೇ ಪರೀಕ್ಷಿಸುವುದು ಒಳ್ಳೆಯದು. ಡೆಮೊ ಫೋನಿಗೆ ಸಿಮ್ ಹಾಕಿಸಿ, ಆಲ್ವೇಸ್ ಆನ್ ಚಾಲೂ ಮಾಡಿಸಿ, ಲಾಕ್ ಮಾಡಿ ಕೌಂಟರಿನ ಮೇಲಿಡಿ. ಇನ್ನೊಂದು ಫೋನಿನಿಂದ ಮಿಸ್ಡ್ ಕಾಲ್ ಕೊಟ್ಟು, ಎರಡು ನಿಮಿಷ ಮುಟ್ಟದೆ ಬಿಟ್ಟು, ಕರೆ ಬಂದಿತ್ತೆಂದು ಅದು ಇನ್ನೂ ತೋರಿಸುತ್ತಿದೆಯೇ ನೋಡಿ. ಆಮೇಲೆ ಚಾರ್ಜರ್ ಚುಚ್ಚಿಸಿ, ಪರದೆ ಆರಿದ ಮೇಲೆ ಚಾರ್ಜ್ ಆಗುತ್ತಿರುವುದು ಹೇಗೆ ತಿಳಿಯುತ್ತದೆಂದು ಅಂಗಡಿಯವರನ್ನೇ ಕೇಳಿ.